ಹಿಂದಿನ ಸೀಟಿನ ತನಕ

ಕೊನೆಯ ಮಗು ಇಳಿದ ಮೇಲೆ ಲೊರೆಟ್ಟಾ ಹ್ರುಸ್ಕಾ ಎಂಜಿನ್ ಆರಿಸಿ, ಕೀಲಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಬಸ್ಸಿನ ಹಿಂಭಾಗಕ್ಕೆ ನಡೆಯುತ್ತಿದ್ದಳು. ಎಡಕ್ಕೆ ಹನ್ನೆರಡು ಸೀಟು, ಬಲಕ್ಕೆ ಹನ್ನೆರಡು. ಪ್ರತಿ ಸೀಟಿನ ಮೇಲೆ ಕೈಯಾಡಿಸಿ, ಬಗ್ಗಿ ಅದರ ಕೆಳಗೆ ನೋಡಿ, ಹಿಂದಿನ ಕಿಟಕಿಗೆ ‘ಖಾಲಿ’ ಎಂದು ಬರೆದ ಹಳದಿ ಫಲಕವನ್ನು ನೇತುಹಾಕುತ್ತಿದ್ದಳು. ಯಾವ ಮಗುವೂ ಒಳಗೆ ಉಳಿದಿಲ್ಲ ಎಂಬುದಕ್ಕೆ ಅದು ಗುರುತು. ಶಾಲೆಯ ಬಸ್ಸು ನಡೆಸುವವರೆಲ್ಲ ಇದನ್ನು ಮಾಡಲೇಬೇಕು. ಉಳಿದವರು ಒಂದು ಸಲ ಹೋಗಿ ಬರುತ್ತಿದ್ದರು. ಲೊರೆಟ್ಟಾ ಮಾತ್ರ ಫಲಕ ಹಾಕಿ ಮುಂದಕ್ಕೆ ಬರುವಾಗ ಇನ್ನೊಮ್ಮೆ ಒಂದೊಂದೇ ಸೀಟು ನೋಡುತ್ತಿದ್ದಳು, ಹೋಗುವಾಗ ಇಲ್ಲದ್ದು ಬರುವಾಗ ಇರಬಹುದೇನೋ ಎಂಬಂತೆ. ಜ್ವರದ ದಿನವೂ ತಪ್ಪಿಸಲಿಲ್ಲ. ಹಿಮ ಬಿದ್ದು ಇಡೀ ದಾರಿಗೆ ಒಂದೇ ಮಗು ಹತ್ತಿ, ಅದೂ ನಮ್ಮ ಕಣ್ಣೆದುರೇ ಇಳಿದು ಶಾಲೆಯ ಬಾಗಿಲು ದಾಟಿದ ದಿನವೂ ತಪ್ಪಿಸಲಿಲ್ಲ.

ಆ ಬಸ್ಸಿನಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಒಂಬತ್ತು ವರ್ಷ ಅವಳ ಬೆನ್ನ ಹಿಂದೆ ಕೂತಿದ್ದೇನೆ. ಮೊದಲ ಕ್ರಿಸ್ಮಸ್ಸಿಗೆ ಒಂದು ಸೇಬಿನ ಪೈ ಮಾಡಿಕೊಂಡು ಹೋಗಿ ಕೊಟ್ಟೆ. ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

“ಏನಾಗ್ಬೇಕಿತ್ತು?”

“ಏನಿಲ್ಲ. ಹಬ್ಬಕ್ಕೆ ಅಂತ.”

“ಹೂಂ” ಎಂದಳು. ಜನವರಿ ಪೂರ್ತಿ ನಾನು ರಜೆ ಕೇಳುತ್ತೇನೋ, ಸಾಲ ಕೇಳುತ್ತೇನೋ ಎಂದು ಕಾದಳು. ನಾನು ಏನೂ ಕೇಳಲಿಲ್ಲ. ಫೆಬ್ರವರಿಯಲ್ಲಿ ತೊಳೆದ ತಟ್ಟೆ ವಾಪಸು ಬಂತು. ಅದರಲ್ಲಿ ಆರು ವಾಲ್ನಟ್ ಕುಕೀಗಳಿದ್ದವು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವಳ ಅನುಮಾನಕ್ಕೆ ಇಂಥದೇ ವಿಷಯ ಬೇಕೆಂದಿರಲಿಲ್ಲ. ರೇಡಿಯೊದವನು ಹಿಮ ಬೀಳುವುದಿಲ್ಲ ಎಂದರೆ ಸಲಿಕೆ ತೆಗೆದು ಬಾಗಿಲ ಬಳಿ ಇಡುತ್ತಿದ್ದಳು. ಹೊಸ ಟೈರು ಹಾಕಿದ ದಿನ ಬೆರಳಿನಿಂದ ಪ್ರತಿ ನಟ್ಟನ್ನೂ ಮುಟ್ಟಿ ನೋಡುತ್ತಿದ್ದಳು. ನಾನು ಬುಧವಾರದ ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತಿದ್ದುದನ್ನು ಅವಳಿಗೆ ತಿಳಿಸಿರಲಿಲ್ಲ. ತಿಳಿಸಿದ್ದರೆ ಅದಕ್ಕೂ ಕಾರಣ ಕೇಳುತ್ತಿದ್ದಳು.

ಹಿಂದಕ್ಕೆ ನಡೆಯುವ ಆ ಅಭ್ಯಾಸದ ಮೂಲವನ್ನು ಒಂದೇ ಒಂದು ಸಲ ಹೇಳಿದ್ದಾಳೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಡಿಸೆಂಬರಿನಲ್ಲಿ ಅರ್ಧ ದಾರಿಯವರೆಗೆ ನಡೆದು, ಮುಂದಿನ ಸೀಟುಗಳೆಲ್ಲ ಖಾಲಿ ಕಂಡದ್ದರಿಂದ ತಿರುಗಿ ಬಂದಿದ್ದಳು. ಬಸ್ಸಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಇಟ್ಟಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಕೊನೆಯ ಸೀಟಿನಲ್ಲಿ, ತನ್ನದೇ ಕೋಟಿನ ಕೆಳಗೆ, ಆರು ವರ್ಷದ ಹುಡುಗಿಯೊಬ್ಬಳು ನಿದ್ದೆ ಮಾಡುತ್ತಿದ್ದಳು. ಬೇರೆ ಯಾರೂ ನೋಡಿರಲಿಲ್ಲ. ಮಗುವಿಗೂ ಏನೂ ತಿಳಿಯಲಿಲ್ಲ. ಲೊರೆಟ್ಟಾ ಅದನ್ನು ತರಗತಿಗೆ ಬಿಟ್ಟು, ನೇರವಾಗಿ ಕಚೇರಿಗೆ ಹೋಗಿ, ನಡೆದದ್ದನ್ನು ತಾನೇ ಬರೆದು ಕೊಟ್ಟಳು. ಮೂರು ದಿನ ಕೆಲಸದಿಂದ ಹೊರಗಿಟ್ಟರು.

ನಾನು ಬಸ್ಸಿಗೆ ಸೇರಿದ ಒಂಬತ್ತನೆಯ ವರ್ಷ, ಅಕ್ಟೋಬರಿನಲ್ಲಿ, ಕಣ್ಣಿನ ಡಾಕ್ಟರು ಅವಳ ಚಾಲನಾ ಪತ್ರಕ್ಕೆ ಸಹಿ ಹಾಕುವಾಗ ಪೆನ್ನು ನಿಲ್ಲಿಸಿದರು. ಕಣ್ಣಿನೊಳಗಿನ ಒತ್ತಡ ಏರುತ್ತಿದೆ. ಈ ವರ್ಷಕ್ಕೆ ತೊಂದರೆಯಿಲ್ಲ, ಮುಂದಿನ ವರ್ಷವೂ ಇರಲಿಕ್ಕಿಲ್ಲ, ಅದರಾಚೆಗೆ ಮಕ್ಕಳ ಬಸ್ಸು ನಡೆಸಲು ತಾನು ಒಪ್ಪಿಗೆ ಕೊಡಲಾರೆ ಎಂದರು. ಲೊರೆಟ್ಟಾ ನಂಬಲಿಲ್ಲ. ಪಕ್ಕದ ಊರಿನ ಇನ್ನಿಬ್ಬರ ಹತ್ತಿರ ಹೋದಳು. ಅವರೂ ಅದನ್ನೇ ಹೇಳಿದರು.

“ಮೂರೂ ಜನ ಮಾತಾಡ್ಕೊಂಡಿದಾರೆ” ಎಂದಳು ನನಗೆ.

“ಒಬ್ಬರ ಮುಖ ಒಬ್ಬರು ನೋಡಿಲ್ಲ ಕಣೆ ಅವರು.”

“ಫೋನಿಲ್ವಾ?”

ಆದರೂ ಅಂದಿನಿಂದ ಬೇರೆ ಕೆಲಸ ಹುಡುಕತೊಡಗಿದಳು. ಐವತ್ತೊಂದು ವರ್ಷ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಮಕ್ಕಳಿಲ್ಲ. ನಮ್ಮ ಶಾಲೆಯಲ್ಲೇ, ಓದಲು ತಡಮಾಡುವ ಮಕ್ಕಳ ಪಕ್ಕದಲ್ಲಿ ಕೂತು ಅಕ್ಷರ ಕಲಿಸುವ ಕೆಲಸವಿತ್ತು. ಅದಕ್ಕೆ ಎರಡು ವರ್ಷ ಕಾಲೇಜು ಓದಿರಬೇಕು. ಊರಿನ ಆಲ್ಡರ್‌ಗೇಟ್ ಕಾಲೇಜಿನವರು ವಯಸ್ಸಾದವರಿಗಾಗಿ ಹಗಲಿನ ತರಗತಿ ಶುರುಮಾಡಿದ್ದರು. ಹನ್ನೆರಡೇ ಜಾಗ, ಅರ್ಧ ಶುಲ್ಕ. ಮುಂದಿನ ವರ್ಷ ಆ ತರಗತಿ ಇರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದು ಅವರೇ ಅಚ್ಚು ಹಾಕಿಸಿದ್ದರು. ಹಾಗಾಗಿ ಈ ಸಲ ಸಿಕ್ಕಿದರೆ ಉಂಟು, ಇಲ್ಲವಾದರೆ ಎರಡು ವರ್ಷದ ನಂತರ ಬಸ್ಸೂ ಇಲ್ಲ, ಶಾಲೆಯೂ ಇಲ್ಲ.

ಅರ್ಜಿಯನ್ನು ಮೂರು ಸಲ ಓದಿದಳು. ಕೆಳಗಿನ ಚಿಕ್ಕ ಅಕ್ಷರಗಳನ್ನು ಭೂತಗನ್ನಡಿ ಹಿಡಿದು ಓದಿದಳು. ಹೆಸರು, ವಿಳಾಸ, ಓದಿದ ಶಾಲೆ ಎಲ್ಲ ತುಂಬಿದಳು. ಕೊನೆಯ ಪುಟದಲ್ಲಿ ಒಂದು ಪ್ರಶ್ನೆಯಿತ್ತು: ಆಲ್ಡರ್‌ಗೇಟ್ ಕಾಲೇಜನ್ನೇ ನೀವು ಏಕೆ ಆರಿಸಿಕೊಂಡಿರಿ? ಮುನ್ನೂರು ಪದಗಳಲ್ಲಿ ಬರೆಯಿರಿ.

ಬೆಳಗಿನ ಸುತ್ತು ಮುಗಿಸಿ, ಬಸ್ಸಿನಲ್ಲೇ ಕೂತು, ನಾವು ಫ್ಲಾಸ್ಕಿನ ಕಾಫಿ ಹಂಚಿಕೊಳ್ಳುತ್ತಿದ್ದೆವು. ಅವಳು ಆ ಪುಟವನ್ನು ಸ್ಟೀರಿಂಗ್ ಮೇಲೆ ಹರಡಿದಳು.

“ಇದ್ಯಾಕೆ ಕೇಳ್ತಾರೆ?”

“ಸುಮ್ನೆ ತಿಳ್ಕೊಳ್ಳೋಕಿರ್ಬೇಕು.”

“ಸುಮ್ನೆ ಯಾರೂ ಏನೂ ಕೇಳಲ್ಲ ನೆಲ್. ಬ್ರೆಡ್ ತಗೊಳ್ಳೋಕೆ ಹೋದ್ರೆ, ನಮ್ಮಂಗಡಿಗೇ ಯಾಕೆ ಬಂದೆ ಅಂತ ಕೇಳ್ತಾರಾ? ದುಡ್ಡೂ ನಾನೇ ಕೊಟ್ಟು, ಯಾಕೆ ಕೊಡ್ತಿದೀನಿ ಅಂತ್ಲೂ ನಾನೇ ಹೇಳ್ಬೇಕಾ?”

“ನಿಜ ಏನಿದೆಯೋ ಅದನ್ನ ಬರಿ.”

“ನಿಜ ಬರೆದ್ರೆ ನಾಲ್ಕು ಸಾಲಿಗೆ ಮುಗಿಯತ್ತೆ. ಅವರು ಮುನ್ನೂರು ಪದ ಕೇಳಿದಾರೆ. ಅಂದ್ರೆ ಮಿಕ್ಕಿದ್ದು ಸುಳ್ಳು ಬೇಕು ಅಂತ ತಾನೆ?”

ಅವಳು ಬಸ್ಸಿನ ದಿನದ ತಪಾಸಣೆಯ ಹಾಳೆಯೊಂದನ್ನು ಮಗುಚಿ, ಪೆನ್ಸಿಲಿನಿಂದ ಬರೆದು, ನನ್ನ ಕೈಗೆ ಕೊಟ್ಟಳು.

‘ನಿಮ್ಮ ತರಗತಿಗಳು ಒಂದೂವರೆಗೆ ಮುಗಿಯುತ್ತವೆ. ನನ್ನ ಬಸ್ಸು ಎರಡು ಇಪ್ಪತ್ತಕ್ಕೆ ಹೊರಡುತ್ತದೆ. ನಿಮ್ಮ ಗೇಟಿನಾಚೆ, ಮಕ್ಕಳು ಬಸ್ಸಿಗೆ ಕಾಯುವ ಜಾಗದವರೆಗೂ, ಕಾಲುದಾರಿಯ ಹಿಮವನ್ನು ನಿಮ್ಮವರು ತೆಗೆಯುತ್ತಾರೆ. ಅದು ನಿಮ್ಮ ಜಾಗವಲ್ಲ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ.’

“ಇದು ನನಗೆ ಗೊತ್ತೇ ಇರ್ಲಿಲ್ಲ” ಎಂದೆ.

“ಮೊದಲು ನಾನೂ ನಂಬಿರ್ಲಿಲ್ಲ. ಪೇಪರ್‌ನಲ್ಲಿ ಫೋಟೊ ಬರ್ಲಿ ಅಂತ ಮಾಡ್ತಾರೆ ಅಂದ್ಕೊಂಡೆ. ಒಂದಿನ ಬೆಳಿಗ್ಗೆ ಐದಕ್ಕೆ ನನ್ನ ಕಾರು ತಗೊಂಡು ಹೋಗಿ ದೂರ ನಿಲ್ಸಿ ನೋಡ್ದೆ. ಒಬ್ಬ ಮುದುಕಪ್ಪ, ಒಂದು ಸಲಿಕೆ. ಸುತ್ತ ಒಂದು ನಾಯೀನೂ ಇಲ್ಲ.”

“ಆಮೇಲೆ?”

“ಮಾರನೇ ವರ್ಷಾನೂ ಹೋಗಿ ನೋಡ್ದೆ. ಆ ಅಪ್ಪ ನಿವೃತ್ತಿ ಆದ್ಮೇಲೆ ಇನ್ನೊಬ್ಬ ಬಂದ. ಇವನು ಬಿಟ್ಟುಬಿಡ್ತಾನೆ ಅಂತ ಕಾದೆ. ಬಿಡ್ಲಿಲ್ಲ.”

ಇಡೀ ಊರಿನಲ್ಲಿ ಅವಳು ಅನುಮಾನಿಸುವುದನ್ನು ನಿಲ್ಲಿಸಿದ್ದ ಜಾಗವೆಂದರೆ ಆ ನೂರು ಅಡಿ ಕಾಲುದಾರಿ ಮಾತ್ರ ಎಂದು ನನಗೆ ಆಗ ಅರ್ಥವಾಯಿತು. ಆದರೆ ಅದನ್ನು ಕಳಿಸಲು ಅವಳಿಗೆ ನಾಚಿಕೆ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಸೇರಿಸಿದಳು.

ಭಾನುವಾರ ಚರ್ಚು ಮುಗಿಸಿಕೊಂಡು ನಾನು ಅವಳ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಅವಳ ತಮ್ಮನ ಮಗಳು ಟೆಸ್ಸಾ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಳು. ಹೈಸ್ಕೂಲಿನ ಕೊನೆಯ ವರ್ಷದ ಹುಡುಗಿ. ಆ ಚಳಿಗಾಲದಲ್ಲಿ ಅವಳ ವಯಸ್ಸಿನ ಎಲ್ಲರ ಮನೆಯಲ್ಲೂ ಕಾಲೇಜುಗಳಿಗೆ ಇಂಥ ಪ್ರಬಂಧ ಬರೆಯುವುದೇ ಕೆಲಸ. ತಪಾಸಣೆಯ ಹಾಳೆ ಅವಳ ಕೈಯಲ್ಲಿತ್ತು.

“ಅತ್ತೆ, ಇದು ಪ್ರಬಂಧ ಅಲ್ಲ. ಬಸ್ಸಿನ ಟೈಮ್ ಟೇಬಲ್ಲು.”

“ಅವರು ಕೇಳಿದ್ದಕ್ಕೆ ಉತ್ತರ ಅದು.”

“ಹತ್ರ ಇದೆ, ಹೊತ್ತಿಗೆ ಸರಿಹೋಗತ್ತೆ ಅಂತ ಬರೆದ್ರೆ ಯಾರೂ ಸೇರಿಸ್ಕೊಳ್ಳಲ್ಲ. ಅವರಿಗೆ ಪ್ರೀತಿ ಬೇಕು.”

“ಯಾರ ಮೇಲೆ?”

“ಕಾಲೇಜಿನ ಮೇಲೆ ಅತ್ತೆ. ಅವರ ವೆಬ್‌ಸೈಟ್ ನೋಡಿ ಒಬ್ಬ ಪ್ರೊಫೆಸರ್ ಹೆಸರು, ಒಂದು ಮರ, ಒಂದು ಹಳೇ ಪದ್ಧತಿ, ಮೂರೂ ಹಾಕ್ಬೇಕು. ಕೊನೇಲಿ ಇದೇ ನನ್ನ ಮನೆ ಅನ್ಬೇಕು. ನಾನು ಹನ್ನೊಂದು ಬರೆದಿದೀನಿ.”

“ಹನ್ನೊಂದು ಕಾಲೇಜನ್ನೂ ಪ್ರೀತಿಸ್ತೀಯಾ ನೀನು?”

“ಜನವರಿ ಮುಗಿಯೋ ತನಕ” ಎಂದಳು ಹುಡುಗಿ, ಟೈಪು ಮಾಡುವುದನ್ನು ನಿಲ್ಲಿಸದೆ.

ನಾನು ಹುರುಳಿಕಾಯಿ ಸೋಸಿ ಮುಗಿಸುವಷ್ಟರಲ್ಲಿ ಮುನ್ನೂರು ಪದ ಸಿದ್ಧವಾಗಿತ್ತು. ಟೆಸ್ಸಾ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು. ಲೊರೆಟ್ಟಾ ಕನ್ನಡಕ ಏರಿಸಿ ಓದತೊಡಗಿದಳು. ಓದುತ್ತ ಓದುತ್ತ ಅವಳ ಕತ್ತು ಕೆಂಪಾಯಿತು.

“‘ಓಕ್ ಮರದಡಿ ನನ್ನ ಚೇತನ ಅರಳಿತು.’ ಇದು ನಾನಾ?”

“ಎಲ್ಲರೂ ಅರಳ್ತಾರೆ ಅತ್ತೆ. ಮುಂದೆ ಓದಿ.”

“ಸಾಕು. ಓದಿದಷ್ಟೂ ಬೇರೆಯವರ ಬಟ್ಟೆ ಹಾಕ್ಕೊಂಡಂಗೆ ಆಗತ್ತೆ. ಕಳಿಸ್ಬಿಡು.”

ಕಿರಾಣಿಯ ರಸೀದಿಯನ್ನು ಸಹ ಎರಡು ಸಲ ಕೂಡಿ ನೋಡುವ ಹೆಂಗಸು ಅವತ್ತು ಅರ್ಧಕ್ಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಹುಡುಗಿ ಒಂದು ಗುಂಡಿ ಒತ್ತಿದಳು. ಮುಗಿಯಿತು.

ಮಂಗಳವಾರ ಸಂಜೆ ಅವಳ ಫೋನಿನಲ್ಲಿ ಕಾಲೇಜಿನವರ ಧ್ವನಿಸಂದೇಶ ಬಂದು ಕೂತಿತ್ತು. ಪ್ರವೇಶ ವಿಭಾಗದಿಂದ ಕರ್ಟಿಸ್ ವೋಬೆಲ್ ಮಾತಾಡುತ್ತಿದ್ದೇನೆ; ನಿಮ್ಮ ಪ್ರಬಂಧದ ವಿಷಯವಾಗಿ ನಾಳೆ ಹತ್ತೂವರೆಗೆ ಬಂದು ಕಾಣಬಹುದೇ. ನಾಳೆ ಎಂದರೆ ಅರ್ಜಿಗೆ ಕೊನೆಯ ದಿನ.

ಬುಧವಾರ ಬೆಳಗಿನ ಸುತ್ತಿನಲ್ಲಿ ಅವಳು ಕನ್ನಡಿಯಲ್ಲಿ ರಸ್ತೆಗಿಂತ ಹೆಚ್ಚಾಗಿ ನನ್ನನ್ನು ನೋಡಿದಳು. ಮಕ್ಕಳು ಇಳಿದ ಮೇಲೆ ಕೇಳಿಯೇಬಿಟ್ಟಳು.

“ಟೆಸ್ಸಾ ಬರೆದಿದ್ದು ಅಂತ ಯಾರಿಗಾದ್ರೂ ಹೇಳಿದ್ಯಾ?”

“ದೇವರಿಗೆ ಹೇಳಿದೀನಿ.”

“ಅವನಲ್ದೆ?”

“ಇಲ್ಲ.”

“ಹಂಗಾದ್ರೆ ಆ ವೋಬೆಲ್ ಹುಡುಗಂದೇ ಕೆಲಸ. ಅವನನ್ನ ನಾನು ಬಲ್ಲೆ. ಒಂಬತ್ತು ವರ್ಷದೋನಿದ್ದಾಗ ಕಿಟಕಿಯಿಂದ ಸೇಬಿನ ದಿಂಡು ಎಸೀತಿದ್ದ. ಪೋಸ್ಟ್‌ಮ್ಯಾನ್‌ಗೆ ಗುರಿ ಇಟ್ಟು. ಮಾರ್ಚ್ ತಿಂಗಳು ಪೂರ್ತಿ ನನ್ನ ಹಿಂದಿನ ಸೀಟಲ್ಲಿ, ಮುಂದುಗಡೆ, ಒಂದನೇ ಕ್ಲಾಸಿನ ಪಾಪುಗಳ ಜೊತೆ ಕೂರಿಸಿದ್ದೆ. ಅವತ್ತಿಂದ ಕಾಯ್ತಿದಾನೆ ಅವನು.”

“ಇಪ್ಪತ್ತು ವರ್ಷದಿಂದಾನಾ?”

“ಇಪ್ಪತ್ತೆರಡು. ನೀನೂ ಬಾ. ಒಬ್ಬಳೇ ಇದ್ರೆ ನಾನು ಹೇಳದ್ದನ್ನ ಹೇಳಿದ್ಲು ಅಂತಾನೆ.”

ಕಾಲೇಜಿನ ಗೇಟಿನಿಂದ ಒಳಗೆ ನಡೆದು ಹೋದೆವು. ಹಿಂದಿನ ರಾತ್ರಿಯ ಹಿಮವನ್ನು ಆಗಲೇ ಬದಿಗೆ ಸರಿಸಿದ್ದರು. ಅವಳು ನಿಂತು, ಹಿಂದಕ್ಕೆ ತಿರುಗಿ, ಮಕ್ಕಳು ನಿಲ್ಲುವ ಜಾಗದವರೆಗೂ ಕಣ್ಣು ಹಾಯಿಸಿ, ನಂತರ ಮೆಟ್ಟಿಲು ಹತ್ತಿದಳು.

ಕರ್ಟಿಸ್ ಎದ್ದು ನಿಂತು ಕುರ್ಚಿ ಎಳೆದುಕೊಟ್ಟ. ಮೂವತ್ತು ದಾಟಿದ, ತಲೆಗೂದಲು ಕಡಿಮೆಯಾಗುತ್ತಿದ್ದ, ಮೆತ್ತಗೆ ಮಾತಾಡುವ ಗಂಡಸು.

“ಬನ್ನಿ ಮಿಸ್ ಲೊರೆಟ್ಟಾ. ನನ್ನ ನೆನಪಿದೆಯಾ?”

“ಜೇಬಲ್ಲಿ ಸೇಬಿದ್ರೆ ಮೊದಲು ಹೊರಗೆ ತೆಗಿ.”

ಅವನು ನಕ್ಕ. ಅವಳು ನಗಲಿಲ್ಲ. ಅವನು ಒಂದು ಹಾಳೆಯನ್ನು ಅವಳ ಮುಂದೆ ಸರಿಸಿ, ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟ. ನಾನು ಅವಳ ಭುಜದ ಮೇಲಿಂದ ಓದಿದೆ. ‘ಪ್ರತಿ ಮುಂಜಾನೆ ಬಂಡೆಗಳ ಮೇಲೆ ನಿಂತು ಸಮುದ್ರದ ಗಾಳಿಗೆ ಮುಖವೊಡ್ಡಿದಾಗ ನನಗೆ ಖಚಿತವಾಗುತ್ತದೆ. ಸೀಕ್ಲಿಫ್ ಕಾಲೇಜೇ ನನ್ನ ಮನೆ.’

ನಮ್ಮ ಓಹಾಯೊದ ಊರಿನಿಂದ ಸಮುದ್ರಕ್ಕೆ ಒಂದು ಇಡೀ ಹಗಲಿನ ದಾರಿ. ಟೆಸ್ಸಾ ತನ್ನ ಹನ್ನೊಂದರಲ್ಲಿ ಒಂದನ್ನು ತೆಗೆದು ಮೇಲಿನದೆಲ್ಲ ಬದಲಿಸಿ, ಕೊನೆಯದನ್ನು ಹಾಗೇ ಬಿಟ್ಟಿದ್ದಳು. ಆ ವಯಸ್ಸಿನ ಮಕ್ಕಳು ಪ್ರತಿ ವರ್ಷ ಮಾಡುವ ತಪ್ಪು ಅದು.

ಲೊರೆಟ್ಟಾ ಹಾಳೆಯನ್ನು ಕೈಗೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಮತ್ತೆ ಕೊನೆಯಿಂದ ಮೇಲಕ್ಕೆ ಓದಿದಳು.

“ನಾನು ಸಮುದ್ರಾನೇ ನೋಡಿಲ್ಲ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ: “ಹಿಂದಿನ ಸೀಟಿನ ತನಕ ಹೋಗ್ಲಿಲ್ಲ ನೆಲ್.”

“ಚಿಂತೆ ಮಾಡಬೇಡಿ ಮಿಸ್ ಲೊರೆಟ್ಟಾ” ಎಂದ ಕರ್ಟಿಸ್. “ಇದನ್ನ ನಾನೊಬ್ಬನೇ ನೋಡಿರೋದು. ಇನ್ನಿಬ್ಬರು ನಾಳೆ ಓದ್ತಾರೆ. ನಿಮ್ಮ ಪರಿಚಯ ಇರೋದ್ರಿಂದ ನಾನು ಅಂಕ ಹಾಕೋ ಹಾಗಿಲ್ಲ. ಈ ಪ್ಯಾರಾ ತೆಗೆದುಹಾಕ್ತೀನಿ, ಅಷ್ಟೆ. ಮಿಕ್ಕಿದ್ದು ಚೆನ್ನಾಗಿದೆ. ಇಂಥದ್ದನ್ನೇ ಅವರು ಇಷ್ಟಪಡೋದು.”

“ಯಾಕೆ ತೆಗೀತೀಯ?”

“ಅಂದ್ರೆ?”

“ನಿನಗೇನು ಬೇಕು?”

“ನನಗೇನೂ ಬೇಡ.”

“ಏನೂ ಬೇಡದವರು ನನ್ನ ಬಸ್ಸಿಗೆ ಇವತ್ತಿನ ತನಕ ಹತ್ತಿಲ್ಲಪ್ಪ.”

ಅವನು ಪೆನ್ನನ್ನು ಮೇಜಿನ ಮೇಲೆ ನೆಟ್ಟಗಿಟ್ಟ. “ನಮ್ಮಮ್ಮ ಎರಡು ಕೆಲಸ ಮಾಡ್ತಿದ್ರು. ಮನೇಲಿ ಬೆಳಿಗ್ಗೆ ಯಾರೂ ಇರ್ತಿರ್ಲಿಲ್ಲ. ಆ ಮಾರ್ಚ್‌ನಲ್ಲಿ ಮುಂದಿನ ಸೀಟಲ್ಲಿ ಕೂತಾಗ ನೀವು ದಿನಾ ಕೇಳ್ತಿದ್ರಿ, ತಿಂಡಿ ತಿಂದ್ಯಾ ಅಂತ.”

“ಸುಳ್ಳು ಹೇಳ್ತೀಯಾ ಅಂತ ನೋಡೋಕೆ ಕೇಳ್ತಿದ್ದೆ.”

“ಗೊತ್ತು” ಎಂದ ಕರ್ಟಿಸ್. “ಆದ್ರೂ ಕೇಳ್ತಿದ್ರಿ.”

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು, ಬಿಗಿಯಾಗಿದೆಯೋ ಇಲ್ಲವೋ ಎಂದು ನಟ್ಟನ್ನು ನೋಡುವ ಹಾಗೆ.

“ಈ ಸಲ ಬೇರೆ ಕಾಲೇಜಿನ ಹೆಸರು ಹಾಕಿ ಕಳಿಸಿದೋರು ಇನ್ನೂ ಇದಾರಾ?”

“ಇದಾರೆ. ಮೂರು ಜನ.”

“ಅವರಿಗೂ ಫೋನ್ ಮಾಡಿ ಕರೆದ್ಯಾ?”

ಕಿಟಕಿಯ ಕೆಳಗೆ ಬಿಸಿನೀರಿನ ಕೊಳವೆ ಟಕ್ ಟಕ್ ಎಂದಿತು. “ಇಲ್ಲ” ಎಂದ ಕರ್ಟಿಸ್.

“ಅರ್ಜಿಯ ಕೊನೇಲಿ ಸಣ್ಣಕ್ಷರದಲ್ಲಿ ಒಂದು ಮಾತಿದೆ. ಕೊನೇ ದಿನ ಸಂಜೆ ಐದರ ತನಕ ಯಾರು ಬೇಕಾದ್ರೂ ಕಳಿಸಿದ್ದನ್ನ ವಾಪಸ್ ತಗೊಂಡು ಬೇರೆ ಕೊಡ್ಬೋದು ಅಂತ. ಅದು ಎಲ್ಲರಿಗೂ ಇರೋದಾ, ನನಗೆ ಮಾತ್ರಾನಾ?”

“ಎಲ್ಲರಿಗೂ.”

ಅವಳು ಕೋಟಿನ ಒಳಜೇಬಿನಿಂದ ತಪಾಸಣೆಯ ಹಾಳೆಯನ್ನು ತೆಗೆದು ಬಿಡಿಸಿದಳು. ಮಡಿಕೆಗಳಲ್ಲಿ ಪೆನ್ಸಿಲ್ ಅಲ್ಲಲ್ಲಿ ಅಳಿಸಿತ್ತು. ಅವನ ಪೆನ್ನು ತೆಗೆದುಕೊಂಡು ಅಳಿಸಿದ ಅಕ್ಷರಗಳನ್ನು ತಿದ್ದಿದಳು. ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಮೊದಲು ಕಳಿಸಿದ್ದನ್ನು ನಾನು ಬರೆದಿರಲಿಲ್ಲ. ಪೂರ್ತಿ ಓದಿಯೂ ಇರಲಿಲ್ಲ.’ ಸಹಿ ಹಾಕಿ ಅವನ ಮುಂದಿಟ್ಟಳು.

ಕರ್ಟಿಸ್ ಓದಿದ. ಕಾಲುದಾರಿಯ ಸಾಲಿಗೆ ಬಂದಾಗ ಅವನ ಕಣ್ಣು ಕಿಟಕಿಯ ಕಡೆ ಹೋಗಿ ವಾಪಸು ಬಂತು.

“ಇದು ಐವತ್ತು ಪದಾನೂ ಇಲ್ಲ ಮಿಸ್ ಲೊರೆಟ್ಟಾ. ಕಳಿಸ್ಲೇಬೇಕು ಅಂದ್ರೆ ಕಳಿಸ್ತೀನಿ. ಆದ್ರೆ ಹನ್ನೆರಡು ಜಾಗಕ್ಕೆ ನಲವತ್ತು ಅರ್ಜಿ ಬಂದಿವೆ. ಆ ಕೊನೇ ಸಾಲಾದ್ರೂ ಹೊಡೆದುಹಾಕಿ. ಯಾರೂ ಕೇಳಿಲ್ಲ ಅದನ್ನ.”

“ಅವತ್ತೂ ಯಾರೂ ಕೇಳಿರ್ಲಿಲ್ಲ” ಎಂದಳು. ಯಾವತ್ತು ಎಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ನನ್ನ ತುಟಿ ತಾನಾಗಿಯೇ ಪ್ರಾರ್ಥನೆಗೆ ಹೋಯಿತು. ಏನು ಕೇಳಬೇಕೆಂದು ಮಾತ್ರ ಗೊತ್ತಾಗಲಿಲ್ಲ, ಸುಮ್ಮನೆ ಅವಳ ಹೆಸರು ಹೇಳಿದೆ.

ಅವಳು ಎದ್ದು ಕೈಗವಸು ಹಾಕಿಕೊಳ್ಳತೊಡಗಿದಳು. ಗಡಿಯಾರ ನೋಡಿದಳು. ಕರ್ಟಿಸ್ ಹಾಳೆಗೆ ದಿನಾಂಕದ ಮುದ್ರೆ ಒತ್ತಿ, ಮೇಜು ಬಳಸಿ ಬಂದು ಬಾಗಿಲು ತೆರೆದು ಹಿಡಿದ.

“ಸರಿ, ಪ್ರಬಂಧ ಬಿಡಿ. ನಾಳೆ ಅವರಿಬ್ಬರ ಹತ್ರ ನಾನು ಒಂದು ಮಾತು ಹೇಳ್ತೀನಿ. ನೀವು ಎಂಥವರು ಅಂತ, ಅಷ್ಟೆ. ಅದನ್ನ ಯಾರೂ ಬೇಡ ಅನ್ನಲ್ಲ.”

“ನಾನು ಅಂತೀನಿ. ಬೇಡ ಕರ್ಟಿಸ್” ಎಂದಳು ಲೊರೆಟ್ಟಾ, ಎರಡನೆಯ ಕೈಗವಸನ್ನು ಬೆರಳು ಬೆರಳಾಗಿ ಎಳೆದು ಸರಿಮಾಡಿಕೊಳ್ಳುತ್ತ. “ಆ ಮೂರು ಜನಕ್ಕೆ ಹೇಳೋರು ಯಾರೂ ಇಲ್ಲ. ನನಗೂ ಬೇಡ. ಒಂದು ಮಾತೂ ಹೇಳ್ಬೇಡ. ಮುಂದಿನ ಸೀಟಲ್ಲಿ ಕೂತಿದ್ದೆ ಅಂತ್ಲೂ ಹೇಳ್ಬೇಡ.”